ಹದಿನಾಲ್ಕರಿಂದ ಭಾಗಿಸಿದ ಊರು

ಹರಿದುಬಿದ್ದ ಟೆಲಿಫೋನ್ ತಂತಿಯ ತುದಿಯಿಂದ ತೊಟತೊಟನೆ ಸುರಿಯುತ್ತಿದ್ದ ರಿಂಗನ್ನು ಟವೆಲ್ಲಿನಲ್ಲಿ ಹಿಡಿದು, ಗಂಟು ಬಿಗಿದು, ಹೆಗಲಿಗೆ ಹಾಕಿಕೊಂಡು ಕೃಷ್ಣಾ ನದಿ ದಾಟಿಸಿದ ಗಂಡಸು ಮೂರು ಲೋಕದಲ್ಲಿ ಒಬ್ಬನೇ. ಅವನ ಹೆಸರು ಹುಲಿಗೆಪ್ಪ. ಗೋನಗಡ್ಡಿಯ ಗೌಡರ ಮನೆ ಮುಟ್ಟುವ ತನಕ ಗಂಟಿನೊಳಗಿಂದ ಟ್ರಿಣ್ ಟ್ರಿಣ್ ಅನ್ನುತ್ತಲೇ ಇತ್ತು. ಗಂಟು ಬಿಚ್ಚಿ ಫೋನಿನ ಹೊಟ್ಟೆಗೆ ಸುರಿದ. ಗೌಡರು ರಿಸೀವರ್ ಎತ್ತಿದರೆ ಸೊಲ್ಲಾಪುರದ ಮಗಳ ದನಿ! ಒಂದು ಮಾತೂ ಚೆಲ್ಲಿರಲಿಲ್ಲ, ಸ್ವಲ್ಪ ಒದ್ದೆಯಾಗಿತ್ತು ಅಷ್ಟೇ. "ಯಾಕವ್ವಾ, ನೆಗಡಿ ಆಗೇದೇನು?" ಅಂತ ಗೌಡರು ಕೇಳಿದರು.

ನಂಬದವರು ಗೋನಗಡ್ಡಿಗೇ ಹೋಗಿ ವಿಚಾರಿಸಬಹುದು. ಹೋಗುವುದು ಮಾತ್ರ ಅಷ್ಟು ಸಲೀಸಲ್ಲ. ನದಿ ಎರಡು ಸೀಳಾಗಿ ಹರಿಯುವ ಕಡೆ, ನಡುನೀರಿನಲ್ಲಿ ಕೂತ ಅರವತ್ತೆಂಟು ಮನೆಗಳ ನಡುಗಡ್ಡೆ ಅದು. ಅಲ್ಲಿಯ ಬಿಸಿಲಿಗೆ ಮೊಸಳೆಗಳು ಕೊಡೆ ಬೇಡುತ್ತವೆ. ಹೋಗಲು ಬರಲು ಪುಟ್ಟಿಯೇ ಗತಿ. ಪುಟ್ಟಿಯೆಂದರೆ ಬಿದಿರು ಹೆಣೆದು ಡಾಂಬರು ಬಳಿದ ದುಂಡನೆಯ ದೋಣಿ. ಸೇತುವೆಗೆ ಅಡಿಗಲ್ಲು ಹಾಕಿದ್ದು ಮೂರು ಸಲ. ಮೂರೂ ಕಲ್ಲಿನ ಮೇಲೆ ಈಗ ಹೆಂಗಸರು ಬಟ್ಟೆ ಒಗೆಯುತ್ತಾರೆ. ಮೊಬೈಲಿನಲ್ಲಿ ಒಂದು ಗೆರೆ ಮೂಡಬೇಕಾದರೆ ಬಂಡೆ ಹತ್ತಿ ಒಂಟಿಕಾಲಲ್ಲಿ ನಿಂತು ತೆಲಂಗಾಣದ ಕಡೆ ಮುಖ ಮಾಡಬೇಕು. ಆಗಲೂ 'ನಮ್ಮ ರಾಜ್ಯಕ್ಕೆ ಸ್ವಾಗತ' ಅಂತ ಒಂದು ಸಂದೇಶ ಬಂದು, ಗೆರೆ ಮಾಯವಾಗುತ್ತದೆ.

ಹೀಗಾಗಿ ಮೂವತ್ತೊಂದು ವರ್ಷ ಆ ಊರನ್ನು ಲೋಕಕ್ಕೆ ಕಟ್ಟಿಹಾಕಿದ್ದು ಒಂದೇ ಒಂದು ತಾಮ್ರದ ತಂತಿ. ಅದರ ಲೈನ್‌ಮನ್ ಹುಲಿಗೆಪ್ಪ. ಊರಿನ ಪರವಾಗಿ ಫೋನಿನಲ್ಲಿ ಮಾತಾಡುವವನೂ ಅವನೇ. ಅದಕ್ಕೊಂದು ಪದ್ಧತಿ ಇತ್ತು: ಒಂದಕ್ಕೆ ಹತ್ತು. ಒಬ್ಬನಿಗೆ ಚೇಳು ಕಚ್ಚಿದರೆ ಹತ್ತು ಮಂದಿಗೆ ಅನ್ನಬೇಕು. ಇಲ್ಲದಿದ್ದರೆ ಆ ದಂಡೆಯ ಜೀಪು ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಆಮೇಲೆ ಹೊರಡುತ್ತದೆ. ಆಚೆ ತುದಿಯಲ್ಲಿ, ತಾಲ್ಲೂಕಿನ ಎಕ್ಸ್‌ಚೇಂಜಿನಲ್ಲಿ ಕೂತ ವಿರೂಪಣ್ಣನಿಗೆ ಈ ಲೆಕ್ಕ ಗೊತ್ತು. ಆತ ಆಸ್ಪತ್ರೆಯವರಿಗೆ ಹೇಳುತ್ತಿದ್ದ: "ಹುಲಿಗೆಪ್ಪ ಹತ್ತು ಅಂದಾನ. ಅಂದ್ರ ಒಂದು. ಆದ್ರ ಆ ಒಂದು ಖರೇ ಇರ್ತದ, ಲಗೂನ ಹೋಗ್ರಿ." ಭಾಗಿಸುತ್ತಿದ್ದ, ಅವಸರವನ್ನೂ ಮಾಡುತ್ತಿದ್ದ. ವಿರೂಪಣ್ಣನ ದೊಡ್ಡಸ್ತಿಕೆ ಇದ್ದದ್ದು ಆ ಎರಡನೆಯದರಲ್ಲಿ.

ಊರು ಹುಲಿಗೆಪ್ಪನನ್ನು ತಲೆಯ ಮೇಲೆ ಹೊತ್ತದ್ದು ಮಾತ್ರ ದೊಡ್ಡ ನೆರೆಯ ಕಥೆಗೆ. ನದಿ ಊರೊಳಗೆ ಬಂದ ದಿನ, ಎದೆಮಟ್ಟ ನೀರಿನಲ್ಲಿ ಕಂಬ ಹತ್ತಿ, ಒಂದು ಕೈಯಲ್ಲಿ ಸಿಡಿಲು ತಡೆಯುತ್ತ ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಅವನು ಜಿಲ್ಲಾಧಿಕಾರಿಯನ್ನೇ ಮಾತಾಡಿಸಿದ. ಕಂಬದ ಮೇಲಿಂದಲೇ ಕೂಗಿದ: "ದೋಣಿ ಹೊಂಟದ! ಕೂಡ್ರಿ, ಬಂದೇ ಬಿಡ್ತು!" ಅಳುತ್ತಿದ್ದ ಮಂದಿ ಸುಮ್ಮನಾದರು. ಮರುದಿನ ದೋಣಿ ಬಂದೇ ಬಂತು. ಮುನ್ನೂರು ಜೀವ ಉಳಿದವು, ಹುಲಿಗೆಪ್ಪನಿಗೆ ಶಾಲು ಹೊದಿಸಿದರು. ಉಳಿಯದ್ದು ಒಂದೇ ಜೀವ, ಅವನ ಅಕ್ಕ ದ್ಯಾವಮ್ಮನ ಗಂಡ ಭೀಮಶಪ್ಪನದು. ಅವನು ಕೆಳದಂಡೆಯಲ್ಲಿ ತನ್ನ ಪುಟ್ಟಿಯನ್ನು ಕಟ್ಟಿಹಾಕಿ, ಆಡುಗಳ ಜತೆ ದೋಣಿಯ ದಾರಿ ಕಾಯುತ್ತಿದ್ದ. ದೋಣಿಗಿಂತ ಮೊದಲು ನೀರು ಬಂತು. ಕಥೆಯ ಆ ಜಾಗಕ್ಕೆ ಬಂದಾಗೆಲ್ಲ ಹುಲಿಗೆಪ್ಪ ಬೀಡಿ ಹಚ್ಚಲು ತಲೆ ತಗ್ಗಿಸುತ್ತಿದ್ದ.

ದ್ಯಾವಮ್ಮ ಮಾತ್ರ ತಮ್ಮನ ಬೆನ್ನಿಗೆ ಬಂಡೆಯಂತೆ ನಿಂತವಳು. "ನನ್ನ ತಮ್ಮ ಅವತ್ತು ಫೋನ್ ಮಾಡದಿದ್ರ ಊರೇ ಇರ್ತಿದ್ದಿಲ್ಲ. ನಂದು ನನ್ನ ಹಣೀಬರಾ," ಅನ್ನುತ್ತಿದ್ದಳು. ಹುಲಿಗೆಪ್ಪನ ಹೆಂಡತಿ ಯಂಕಮ್ಮನೇ ಅವನ ಕಥೆಗಳಿಗೆ ಮೂಗು ಮುರಿಯುತ್ತಿದ್ದರೆ, ಅಕ್ಕ ಪ್ರತಿಯೊಂದನ್ನೂ ಬಿಸಿ ರೊಟ್ಟಿಯ ಹಾಗೆ ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದಳು.

ಆಮೇಲೆ ಟೆಲಿಫೋನಿನವರು ಬಂದರು. ತಂತಿಯ ಕಾಲ ಮುಗಿಯಿತು ಎಂದರು. ಮೂರು ದಿನದಲ್ಲಿ ತಂತಿಯೆಲ್ಲ ಸುರುಳಿ ಸುತ್ತಿಕೊಂಡು ಹೋದರು. ಮುಂದಿನ ಬೇಸಗೆಗೆ ಅದರ ಜಾಗದಲ್ಲಿ ಕರೆಗಂಬ ಬಂತು.

ಎರಡಾಳೆತ್ತರದ ಬಿಳಿ ಕಂಬ. ತಲೆಯ ಮೇಲೆ ಸೂರ್ಯನ ಬಿಸಿಲು ಕುಡಿಯುವ ಹಲಗೆ, ಕೆಳಗೆ ಒಂದು ಕಣ್ಣು, ಅದರ ಕೆಳಗೆ ಬಾಯಿ, ಕಿವಿ. ಅದರ ಮುಂದೆ ನಿಂತು ಹೇಳಿದರೆ ಸಾಕು, ಮಾತು ಉಪಗ್ರಹಕ್ಕೆ ಏರಿ ಜಿಲ್ಲೆಯ ನಿಯಂತ್ರಣ ಕೊಠಡಿಗೆ ಇಳಿಯುತ್ತದೆ. ನದಿಯ ಉದ್ದಕ್ಕೂ ಅಂಥವು ನೂರಾ ಹತ್ತು. ನೆರೆ ಬಂದರೆ ಎಲ್ಲವೂ ಒಟ್ಟಿಗೇ ಕೂಗುತ್ತವೆ. ದೋಣಿ ಇರುವುದು ನಾಲ್ಕೇ. ಯಾರ ಕೂಗು ಮೊದಲು ಎಂದು ತೂಗಲು ಮನುಷ್ಯರಿಗೆ ಪುರುಸೊತ್ತಿರದು, ಆದ್ದರಿಂದ ಯಂತ್ರವೇ ತೂಗುತ್ತದೆ. ಮೊದಲ ಮಳೆಗಾಲ ಪೂರ್ತಿ ಅದು ಊರಿನ ಮಾತು ಕೇಳಿ ಕಲಿಯುತ್ತದೆ, ಎಲ್ಲರೂ ಅದರ ಜತೆ ಧಾರಾಳವಾಗಿ ಮಾತಾಡಬೇಕು ಎಂದು ಹೇಳಿ ಹೋದರು.

ಎಲ್ಲರಿಗೂ ನಾಚಿಕೆ. ಕಂಬದ ಮುಂದೆ ನಿಂತು ಏನು ಮಾತಾಡುವುದು? ಮಾತಾಡಿದವನು ಹುಲಿಗೆಪ್ಪ ಒಬ್ಬನೇ. ಎದ್ದು ಮುಖ ತೊಳೆದವನೇ ಕಂಬದ ಬುಡಕ್ಕೆ. ಮೂವತ್ತೊಂದು ವರ್ಷ ಟೊಂಯ್ ಅನ್ನುವ ಕಪ್ಪು ಡಬ್ಬಿಯ ಜತೆ ಬಾಳಿದವನಿಗೆ, ತಿರುಗಿ ಮಾತಾಡುವ ಕಂಬ ಸಿಕ್ಕರೆ ಬಿಟ್ಟಾನೆಯೇ? ಬಸ್ಸಿನಷ್ಟು ಉದ್ದದ ಮೊಸಳೆ ಬಂದಿದೆ ಅಂದ. ಊರಿನ ಮುನ್ನೂರು ಮಂದಿಗೂ ಒಂದೇ ದಿನ ಜ್ವರ ಅಂದ. ಅಂಬಿಗ ತಾಯಪ್ಪನ ಪುಟ್ಟಿ ಮಗುಚಿ ನಲವತ್ತು ಮಂದಿ ನೀರುಪಾಲು ಅಂದ; ಪುಟ್ಟಿಯಲ್ಲಿ ಇದ್ದದ್ದು ತಾಯಪ್ಪ ಮತ್ತು ಒಂದು ಮೂಟೆ ಈರುಳ್ಳಿ. ಪ್ರತಿಸಲವೂ ಆಕಾಶದಲ್ಲಿ ಒಂದು ಡ್ರೋನು ಜೇನುಹುಳದಂತೆ ಗುಂಯ್‌ಗುಡುತ್ತ ಬಂದು, ನೋಡಿ, ಹೋಗುತ್ತಿತ್ತು. ಸಂಜೆ ಕಂಬದ ಕಟ್ಟೆಯ ಮೇಲೆ ಜನ ಸೇರಿದರೆ ದೊಡ್ಡ ನೆರೆಯ ಕಥೆ. "ದೋಣಿ ಹೊಂಟದ! ಕೂಡ್ರಿ, ಬಂದೇ ಬಿಡ್ತು!" ಅಂದಾಗ ಜನ ಈಗಲೂ ಉಸಿರು ಬಿಟ್ಟು ಹಗುರಾಗುತ್ತಿದ್ದರು. ಕಂಬದ ಕಣ್ಣು ಆಗ ಒಂದು ಸಲ ಮಿಟುಕಿಸುತ್ತಿತ್ತು.

ಬಂದಾಗ ಕಂಬ ಪುಸ್ತಕದ ಕನ್ನಡ ಮಾತಾಡುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ "ಏನ್ಪಾ, ಉಂಡ್ಯೇನು?" ಅನ್ನತೊಡಗಿತು. ದನಿಯೂ ಅವನದೇ ಧಾಟಿ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಒಬ್ಬನ್ನ ಸಂಬಾಳಿಸೂದೇ ಸಾಕಾಗಿತ್ತು," ಅಂದಳು ಯಂಕಮ್ಮ. "ಈಗ ಇಬ್ಬರಾದರು."

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಪುಟ್ಟಿ ನಡೆಸುವ ತಾಯಪ್ಪನ ತಾಯಿಗೆ ದಮ್ಮು ಕಟ್ಟಿತು. ಕಣ್ಣು ಮೇಲೆ ಸಿಕ್ಕಿಕೊಂಡವು. ಹುಲಿಗೆಪ್ಪ ಓಡಿಹೋಗಿ ಕಂಬಕ್ಕೆ ಹೇಳಿದ. ಕಂಬ ಒಂದು ಕ್ಷಣ ತಡೆದು, "ಬಿಸಿನೀರು ಕುಡಸ್ರಿ, ಇಳೀತದ," ಅಂತು. ಮುದುಕಿಯನ್ನು ಪುಟ್ಟಿಯಲ್ಲಿ ಹಾಕಿಕೊಂಡು ಹೋದದ್ದಕ್ಕೆ ಉಳಿದಳು. ಕಲಿಕೆ ಮುಗಿದ ಮೇಲೆ ಊರು ಇಟ್ಟ ಮೊದಲ ಖರೆ ಕೂಗು ಅದು.

ಟೆಲಿಫೋನ್ ಮನುಷ್ಯ ಅಂದರೆ ಹುಲಿಗೆಪ್ಪ. ಜಗಳಕ್ಕೂ ಅವನೇ ಹೋಗಬೇಕು. ಶಾಲು ಹೊದ್ದುಕೊಂಡೇ ಜಿಲ್ಲೆಯ ನಿಯಂತ್ರಣ ಕೊಠಡಿಗೆ ಹೋದ. ಚಳಿಗಾಲದಲ್ಲೂ ಹೊರಗೆ ಬಿಸಿಲು ಕಾದ ಹಂಚಾಗಿದ್ದರೆ ಒಳಗೆ ಹೆಣ ಕೆಡದಷ್ಟು ತಂಪು. ಗೋಡೆಯ ತುಂಬ ಪರದೆ. ಪರದೆಯ ಮೇಲೆ ನೀಲಿ ಹಾವಿನಂತೆ ನದಿ. ನದಿಯ ಮೈಮೇಲೆ ನೂರಾ ಹತ್ತು ಚುಕ್ಕೆ. ಅದರ ಮುಂದೆ ಮೂವತ್ತು ದಾಟದ ಒಬ್ಬ ಹೆಣ್ಣುಮಗಳು ಕೂತಿದ್ದಳು. ಹೆಸರು ತಸ್ನೀಮ್, ಅಲ್ಲಿಯ ಎಂಜಿನಿಯರು.

"ಬರ್ರಿ ಬರ್ರಿ, ಗೋನಗಡ್ಡಿ ಹುಲಿಗೆಪ್ಪಣ್ಣ ಅಲ್ರೀ ನೀವು? ದನಿ ಕೇಳೇ ಗೊತ್ತಾತು," ಅಂದಳು ನಗುತ್ತ. "ನಮ್ಮಲ್ಲಿ ನಿಮ್ಮ ಮೊಸಳಿ ಭಾಳ ಫೇಮಸ್ಸು."

"ಮೊಸಳಿ ಇರಲಿ ತಂಗಿ. ಸಾಯಾಕ ಬಿದ್ದ ಮುದುಕಿಗೆ ಬಿಸಿನೀರು ಕುಡಸು ಅಂದದಲ್ಲ ನಿನ್ನ ಕಂಬ, ಅದೇನು ಡಾಕ್ಟರಿಕಿ ಓದೇದೋ, ಅಡಗೀಮನಿ ಕಲ್ತದೋ?"

ತಸ್ನೀಮ್ ನಗು ನಿಲ್ಲಿಸಿ ಗೋನಗಡ್ಡಿಯ ಚುಕ್ಕೆ ಮುಟ್ಟಿದಳು. ದೊಡ್ಡದಾಗಿ ಒಂದು ಅಂಕೆ ಬಂತು: ಹದಿನಾಲ್ಕು.

"ಇದು ನಿಮ್ಮೂರಿನ ಭಾಜಕ. ಪ್ರತಿ ಊರಿಗೂ ಒಂದದ. ಮಂದಿ ಹೇಳಿದ್ದನ್ನ ಡ್ರೋನು ನೋಡಿದ್ದರ ಜೋಡಿ ಇಟ್ಟು ಯಂತ್ರ ತಾನೇ ಕಟ್ಟಿಕೊಂತದ. ಕೆಲವು ಊರಾಗ ಒಂದು. ಕೆಲವು ಕಡೆ ಎರಡು, ಮೂರು. ನಿಮ್ಮೂರಿಂದ ಬಂದ ಮಾತನ್ನ ಹದಿನಾಲ್ಕರಿಂದ ಭಾಗಿಸ್ತದ. ಒಬ್ಬಾಕಿ ಸಾಯಾಕ್ಹತ್ಯಾಳ ಅಂದ್ರ ಅದಕ್ಕ ಯಾರಿಗೋ ಬಿಕ್ಕಳಿಕಿ ಬಂದದ ಅಂತ ಕೇಳಿಸ್ತದ."

"ಹದಿನಾಲ್ಕು!" ಹುಲಿಗೆಪ್ಪನಿಗೆ ತಡೆಯಲಾರದೆ ಹೆಮ್ಮೆ ಉಕ್ಕಿತು. "ಮತ್ಯಾರಿಗಾದ್ರೂ ಅದೇನು?"

"ಇಲ್ಲ. ಎರಡನೇದು ಐದು." ಅವಳು ಹಣೆ ಒತ್ತಿಕೊಂಡಳು. "ಊರೆಲ್ಲಾ ಹಿಂಗ ಅಂತ ನಾನೂ ತಿಳಿದಿದ್ದೆ. ಪಟ್ಟಿ ತೆಗೆದು ನೋಡಿದೆ ಅಣ್ಣಾರೇ. ನಾಕುನೂರಾ ಹನ್ನೆರಡು ಕರೆ. ನಾಕುನೂರಾ ಒಂಬತ್ತು ನಿಮ್ಮವೇ."

ಅವನು ಶಾಲು ಸರಿಪಡಿಸಿಕೊಂಡ. ಅವಳು ಇನ್ನೊಂದು ಗುಂಡಿ ಒತ್ತಿದಳು.

"ಆದ್ರ ಒಂದು ಚಲೋದೂ ಅದ. ಕಂಬಕ್ಕ ಎರಡು ಕೆಲಸ. ಕೂಗು ತೂಗೂದು ಒಂದು. ಮಂದಿ ಗಾಬರಿ ಇಳಸೂದು ಇನ್ನೊಂದು. ಗಾಬರಿ ಬಿದ್ದ ಮಂದಿ ನೀರಿಗೆ ಹಾರ್ತಾರಲ್ಲ, ಅದಕ್ಕ. ಯಾವ ಮಾತು ಕೇಳಿದ್ರ ಊರಿನವರ ದನಿ ತಣ್ಣಗಾಗ್ತದ ಅಂತ ಅದು ಹುಡುಕ್ತದ. ನಿಮ್ಮೂರಾಗ ಒಂದೇ ಮಾತು ಮೂವತ್ತೇಳು ಸಲ ಕೆಲಸ ಮಾಡೇದ. ಇಡೀ ನದಿ ಮ್ಯಾಗ ಇಂಥ ಮಾತು ಮತ್ತೊಂದಿಲ್ಲ. ಕೇಳ್ರಿ."

ತಂಪು ಕೋಣೆಯ ನಾಲ್ಕೂ ಮೂಲೆಯಿಂದ ಹುಲಿಗೆಪ್ಪನ ದನಿ ಎದ್ದಿತು: ದೋಣಿ ಹೊಂಟದ! ಕೂಡ್ರಿ, ಬಂದೇ ಬಿಡ್ತು!

ಸಿಡಿಲನ್ನೇ ಒಂದು ಕೈಯಲ್ಲಿ ತಡೆದವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

"ದೋಣಿ ಹೊರಡದಿದ್ರೂ ಹಿಂಗ ಅಂತದೇನು?" ಅಂತ ಕೇಳಿದ.

"ಅದಕ್ಕ ದೋಣಿ ಅಂದ್ರೇನು ಗೊತ್ತಿಲ್ಲ ಅಣ್ಣಾರೇ. ದನಿ ತಣ್ಣಗಾಗೂದಷ್ಟೇ ಗೊತ್ತು. ನಾನು ಮ್ಯಾಲಿನವರಿಗೆ ಬರದೀನಿ, ಇದು ಸರಿ ಅಲ್ಲ ಅಂತ. ಉತ್ತರ ಬಂದಿಲ್ಲ." ಅವಳು ದನಿ ತಗ್ಗಿಸಿದಳು. "ನೀವು ಲೈನಿನ ಕೆಲಸ ಮಾಡಿದವರು ಅಂತ ಹೇಳ್ತೀನಿ. ಕಂಬದ ಬೆನ್ನಿಗೆ ಸಣ್ಣ ಬಾಗಿಲದ. ಸ್ಕ್ರೂ ಬಿಚ್ಚಿದ್ರ ಒಳಗ ಮೂರು ಸಾಲು: ಭಾಜಕ, ಸರದಿ, ಹೊರಟ ದೋಣಿ. ಖರೆ ಇರೂದು ಅಲ್ಲಿ. ಸರದಿಯೊಳಗ ಮೊದಲಿನ ಇಪ್ಪತ್ತು ಕರೆ ಅಷ್ಟೇ ನಮ್ಮ ಕಿವಿಗೆ ಬರ್ತಾವ. ಉಳಿದದ್ದು ಯಂತ್ರಕ್ಕೇ ಬಿಟ್ಟದ್ದು."

"ಇಳಿಸಾಕ ಬರಂಗಿಲ್ಲೇನು, ಆ ಹದಿನಾಲ್ಕು?"

"ಬರ್ತದ. ಇವತ್ತೇ ಮಾಡೋಣು." ಅವಳು ಮುದ್ರಿಸಿದ ಹಾಳೆಗಳ ಕಟ್ಟನ್ನು ಮುಂದೆ ಇಟ್ಟಳು. "ನಿಮ್ಮ ನಾಕುನೂರಾ ಒಂಬತ್ತು ಮಾತು ಇಲ್ಲವ. ಯಾವುದು ಖರೆ, ಯಾವುದು ಸುಳ್ಳು ಅಂತ ಗುರುತು ಹಾಕಿ ಸಹಿ ಮಾಡ್ರಿ. ನಾನು ಹಳೇ ದಾಖಲೆ ಜೋಡಿ ತಾಳೆ ನೋಡಿ ಯಂತ್ರಕ್ಕ ಉಣಿಸ್ತೀನಿ. ಎಕ್ಸ್‌ಚೇಂಜಿನ ಹಳೇ ಪುಸ್ತಕಾನೂ ತರಿಸೀನಿ, ಯಾವ ದಿನ ಯಾವ ಕರೆ ಬಂತು ಅಂತ ಬರದದ್ದು, ನೆರೆ ವರ್ಷದ್ದು."

ಹುಲಿಗೆಪ್ಪ ಮೊದಲ ಹಾಳೆ ಎತ್ತಿದ. ಮೊಸಳೆ. ಸುಳ್ಳು ಅಂತ ಹಾಕಲು ಏನು ಅಡ್ಡಿ? ನಗುತ್ತಲೇ ಹಾಕಬಹುದು. ಹಾಳೆ ಮಗುಚುತ್ತ ಹೋದ. ದೊಡ್ಡ ನೆರೆಯ ಹಾಳೆಯ ಹತ್ತಿರ ಕೈ ನಿಂತಿತು.

"ಚಾಳೀಸು ಮನ್ಯಾಗ ಬಿಟ್ಟು ಬಂದೀನಿ ತಂಗಿ," ಅಂದ. "ಮುಂದಿನ ವಾರ ಬರ್ತೀನಿ."

ಚಾಳೀಸಿನ ಕನ್ನಡಕ ಅವನ ಜೇಬಿನಲ್ಲೇ ಇತ್ತು.

ಊರಿಗೆ ಬಂದು ಪುಟ್ಟಿಯಿಂದ ಇಳಿಯುವ ಮೊದಲೇ ಕೂಗಿದ: "ನಮ್ಮೂರಿಗೆ ಹದಿನಾಲ್ಕು! ಇಡೀ ನದಿಗೇ ಒಂದನೇ ನಂಬರು! ಎರಡನೇದವರಿಗೆ ಬರೇ ಐದು!" ಏನು ಹದಿನಾಲ್ಕು ಅಂತ ಯಾರೂ ಕೇಳಲಿಲ್ಲ, ಹುಲಿಗೆಪ್ಪ ತಂದದ್ದು ಎಂದ ಮೇಲೆ ದೊಡ್ಡದೇ ಇರಬೇಕು. ತಾಯಪ್ಪ ಒಂದು ತೆಂಗಿನಕಾಯಿ ತಂದು ಕಂಬದ ಬುಡಕ್ಕೆ ಒಡೆದ.

ಮನೆಯಲ್ಲಿ ಯಂಕಮ್ಮ ಕೇಳಿದಳು: "ಕಂಬ ಮತ್ತ ಬಿಸಿನೀರು ಅಂತದೋ, ಇಲ್ಲ ರಿಪೇರಿ ಆತೋ?"

"ಆಗ್ತದ. ಮುಂದಿನ ವಾರ."

"ನಿಮ್ಮ ಮುಂದಿನ ವಾರದಾಗ ಎಷ್ಟು ತಿಂಗಳಿರ್ತಾವ?"

ಗೋಡೆಯಾಚೆ ಅಕ್ಕನ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು. ಹುಲಿಗೆಪ್ಪ ಮುಂದಿನ ವಾರ ಹೋಗಲಿಲ್ಲ, ಅದರ ಮುಂದಿನ ವಾರವೂ ಹೋಗಲಿಲ್ಲ. ಏಳು ತಿಂಗಳು ಹೋಗಲಿಲ್ಲ. ಕಂಬದ ಮುಂದೆ ಕೂತು ಹರಟುವುದನ್ನೂ ಬಿಟ್ಟ. ಆಚೆ ಕಡೆಯಿಂದ ಹಾದುಹೋದರೆ ಕಂಬವೇ ಕರೆಯುತ್ತಿತ್ತು: "ಏನ್ಪಾ ಹುಲಿಗಿ, ಮಾತೇ ಇಲ್ಲ?"

ಶ್ರಾವಣದ ಎರಡನೆಯ ಸೋಮವಾರ ಮೇಲಿನ ಅಣೆಕಟ್ಟಿನವರು ಗೇಟು ಎತ್ತಿದರು. ಬೆಳಿಗ್ಗೆ ಒಂಬತ್ತಕ್ಕೆಲ್ಲ ನೀರು ಕೆಂಪು ಮಣ್ಣು ಕಲಸಿದಂತೆ ದಪ್ಪಗಾಗಿ, ಬೇರುಸಹಿತ ಮರಗಳನ್ನು ಹೊತ್ತು ತರುತ್ತಿತ್ತು. ದಂಡೆಯ ಬಿಲಗಳಿಗೆ ನೀರು ನುಗ್ಗಿ ಹಾವುಗಳು ಊರೊಳಗೆ ಏರಿದವು. ದ್ಯಾವಮ್ಮ ಒಲೆಗೆಂದು ತೊಗರಿಕಟ್ಟಿಗೆಯ ಬಣವೆಗೆ ಕೈ ಹಾಕಿದಳು. ಬುಡದಲ್ಲಿ ಸುತ್ತಿಕೊಂಡಿದ್ದ ಕೊಳಕುಮಂಡಲ ಅವಳ ಕಾಲಿನ ಹರಡಿನ ಮೇಲೆ ಕಚ್ಚಿತು.

ಹೊತ್ತುಕೊಂಡು ಬಂದು ಕಂಬದ ಕಟ್ಟೆಯ ಮೇಲೆ ಮಲಗಿಸಿದರು. ಕಾಲು ಕಣ್ಣೆದುರಿಗೇ ಊದುತ್ತಿತ್ತು. ಔಷಧಿ ಇರುವುದು ಆಚೆ ದಂಡೆಯಿಂದ ನಾಲ್ಕು ಮೈಲಿ ದೂರದ ತಾಲ್ಲೂಕು ಆಸ್ಪತ್ರೆಯಲ್ಲಿ.

ತಾಯಪ್ಪ ಪುಟ್ಟಿಯನ್ನು ನೀರಿಗೆ ತಂದು ನಿಲ್ಲಿಸಿದ್ದ. ನದಿಯ ನಡುವೆ ಎದ್ದು ನಿಂತ ಕರಿಬಂಡೆಯತ್ತ ತೋರಿಸಿದ. "ಅದು ಕಾಣೂ ತನಕ ಬಂಡೆಯ ಮರೀಲೆ ದಾಟಿಸ್ತೀನಿ. ಮುಳುಗ್ತು ಅಂದ್ರ ಮುಗೀತು, ಅಲ್ಲಿ ಸುಳಿ ಏಳ್ತದ. ಅರ್ಧ ತಾಸು ಅದ. ಈಗ ಹೋದ್ರೂ ಇಬ್ಬರೂ ಬದುಕೂದು ಖಾತ್ರಿ ಇಲ್ಲ. ಕಂಬಕ್ಕ ಹೇಳು, ಎಂಜಿನ್ ದೋಣಿ ಬಂದ್ರ ಅದೇ ಚಲೋ."

ಹುಲಿಗೆಪ್ಪ ಕಂಬದ ಮುಂದೆ ನಿಂತ. ಹತ್ತರ ಪದ್ಧತಿ ಬಿಟ್ಟು ಒಂದನ್ನು ಒಂದು ಎಂದೇ ಹೇಳಿದ: "ನಮ್ಮಕ್ಕಗ ಹಾವು ಕಚ್ಚೇದ. ಒಬ್ಬಾಕಿಗೆ. ಕೊಳಕುಮಂಡಲ. ದೋಣಿ ಕಳಸ್ರಿ."

ಕಂಬ ಒಂದು ಗಳಿಗೆ ಯೋಚಿಸಿ, ಅವನದೇ ಧಾಟಿಯಲ್ಲಿ ನಕ್ಕಿತು. "ಅಯ್ಯ, ಇರುವಿ ಕಡದಿರಬೇಕು ಬಿಡೋ. ತಣ್ಣೀರಾಗ ತೊಳೀರಿ."

"ಇರುವಿ ಅಲ್ಲ! ಹಾವು!" ಅವನ ನಾಲಿಗೆಗೆ ಲೆಕ್ಕ ಹೊಳೆಯಿತು. ಹದಿನಾಲ್ಕರಿಂದ ಭಾಗಿಸುತ್ತದಲ್ಲ? "ಹದಿನಾಲ್ಕು ಮಂದಿಗೆ! ಹದಿನಾಲ್ಕು ಮಂದಿಗೆ ಹಾವು ಕಚ್ಚೇದ!"

ಕಂಬದ ಕಣ್ಣು ಕಿರ್ರನೆ ತಿರುಗಿತು. ಕಟ್ಟೆಯ ಮೇಲೆ ಮಲಗಿದವರನ್ನು ಎಣಿಸಿತು. ಒಬ್ಬಳು. ಒಳಗೆಲ್ಲೋ ಟಿಕ್ ಎಂದಿತು. ಅವನ ಕೂಗಿಗೆ ಅದು ಮತ್ತೆ ಉತ್ತರ ಕೊಡಲಿಲ್ಲ.

ಹೆಂಗಸರು ಬಾಯಿ ಬಡಿದುಕೊಂಡರು. ಅಳು ಮನೆಯಿಂದ ಮನೆಗೆ ಹಬ್ಬಿ ಇಡೀ ಗಡ್ಡಿ ಕೂಗತೊಡಗಿತು. ಆಗ ಕಂಬದ ಬಾಯಿ ತೆರೆಯಿತು. ದನಿ ಎಷ್ಟು ಗಟ್ಟಿ, ಎಷ್ಟು ನೆಚ್ಚಿಗೆಯದು ಎಂದರೆ ಹರಿಯುವ ನದಿಯೂ ತಿರುಗಿ ನೋಡಬೇಕು.

"ದೋಣಿ ಹೊಂಟದ! ಕೂಡ್ರಿ, ಬಂದೇ ಬಿಡ್ತು!"

ಅಳು ಕತ್ತರಿಸಿದಂತೆ ನಿಂತಿತು. ಯಾರೋ ದೇವರಿಗೆ ಕೈ ಮುಗಿದರು. ತಾಯಪ್ಪ ಹುಟ್ಟನ್ನು ಪುಟ್ಟಿಯೊಳಗೆ ಎಸೆದು ದಂಡೆಯ ಮೇಲೆ ಕುಕ್ಕರಿಸಿದ. "ಸದ್ಯ! ಈ ನೀರಾಗ ಇಳೀಬೇಕಲ್ಲ ಅಂತ ಜೀವ ಬಾಯಿಗೆ ಬಂದಿತ್ತು." ದ್ಯಾವಮ್ಮ ಒಣಗಿದ ತುಟಿಯಲ್ಲೇ ನಕ್ಕಳು. "ಬರ್ತದ ಬಿಡ್ರಿ. ನನ್ನ ತಮ್ಮನ ದನೀಲೇ ಹೇಳ್ತದ ನೋಡ್ರಿ, ಪುಣ್ಯಾತ್ಮ ಕಂಬ."

ಹುಲಿಗೆಪ್ಪ ಕಂಬದ ಬೆನ್ನಿಗೆ ಹೋದ. ಚಾಕುವಿನ ತುದಿಯಿಂದ ಸ್ಕ್ರೂ ಬಿಚ್ಚಿದ. ಸಣ್ಣ ಬಾಗಿಲೊಳಗೆ ಮೂರು ಸಾಲು ಹಸಿರಾಗಿ ಉರಿಯುತ್ತಿದ್ದವು.

ಭಾಜಕ: ೨೧.

ಸರದಿ: ೯೩.

ಹೊರಟ ದೋಣಿ: ೦.

"ಬರಂಗಿಲ್ಲ," ಅಂದ ಅವನು. ಜನರತ್ತ ತಿರುಗಿ ಕೂಗಿದ: "ದೋಣಿ ಹೊಂಟಿಲ್ಲ. ತಾಯಪ್ಪಾ ಏಳು. ಅಕ್ಕನ್ನ ಪುಟ್ಟಿಗೆ ಹಾಕು."

"ಏನ್ ಹಚ್ಚೀ ಮಾಮಾ?" ತಾಯಪ್ಪ ಎದ್ದೇಳಲಿಲ್ಲ. "ಕಂಬ ಹೊಂಟದ ಅಂತದ, ನೀ ಇಲ್ಲ ಅಂತೀ. ರಿಂಗು ಗಂಟು ಕಟ್ಟಿದಾಂವನ ಮಾತು ನಂಬಿ ಸುಳಿಯಾಗ ಇಳೀಲೇನು?"

"ಇಲ್ಲಿ ಬರದದ, ಓದಿ ನೋಡ್ರಿ! ಸೊನ್ನಿ ಅದ!"

"ಅದ್ಯಾವ ಸೊನ್ನಿಯೋ! ಹದಿನಾಲ್ಕಕ್ಕ ಕಾಯಿ ಒಡಸಿದವನೂ ನೀನೇ."

ಗದ್ದಲ ಎದ್ದಿತು. ದನಿಗಳು ಬಿಸಿಯಾದಂತೆ ಕಂಬ ಮತ್ತೆ ಕೂಗಿತು: "ಎರಡು ದೋಣಿ ಹೊಂಟಾವ! ಕೂಡ್ರಿ!" ಗದ್ದಲ ಇಳಿಯಲಿಲ್ಲ. "ಹತ್ತು ಹೊಂಟಾವ! ಬಂದೇ ಬಿಟ್ವು!" ನದಿಯಲ್ಲಿ ಕರಿಬಂಡೆ ಹೆಗಲಿನ ತನಕ ಮುಳುಗಿತ್ತು. "ನೂರು ದೋಣಿ!" ಅಂತು ಕಂಬ, ಹುಲಿಗೆಪ್ಪನ ದನಿಯಲ್ಲಿ, ಹುಲಿಗೆಪ್ಪನ ಹುರುಪಿನಲ್ಲಿ.

ಯಂಕಮ್ಮ ಜನರನ್ನು ಸರಿಸಿಕೊಂಡು ಬಂದು ಗಂಡನ ಎದುರು ನಿಂತಳು. "ಹೊಂಟಿಲ್ಲ ಅಂತ ನಿಮಗ ಹ್ಯಾಂಗ ಗೊತ್ತು? ಕಂಬ ಯಾಕ ಸುಳ್ಳು ಹೇಳ್ತದ? ಕಥಿ ಬ್ಯಾಡ. ಹೇಳ್ರಿ."

"ಯಾಕಂದ್ರ..." ಬಾಯಿ ಅಭ್ಯಾಸಬಲದಿಂದ ಏನೋ ದೊಡ್ಡದನ್ನು ಹುಡುಕಿತು. ಯಂತ್ರಕ್ಕೆ ಸಿಡಿಲು ಹೊಡೆದಿದೆ ಅನ್ನಲೇ? ಶತ್ರು ದೇಶದವರ ಕೈವಾಡ ಅನ್ನಲೇ? ಅಕ್ಕ ಅವನನ್ನೇ ನೋಡುತ್ತಿದ್ದಳು, ನಂಬಲು ತಯಾರಾಗಿ.

"ಯಾಕಂದ್ರ ಅದು ನನ್ನ ಹತ್ರ ಕಲ್ತದ," ಅಂದ ಹುಲಿಗೆಪ್ಪ. "ನೆರೆ ದಿನ ನಾ ಮಾಡಿದ್ದು ಇದೇ. ಅವತ್ತು ಲೈನ್ ಇದ್ದಿಲ್ಲ. ಹಿಂದಿನ ರಾತ್ರೀನೇ ಆಚೆ ದಂಡಿ ಕಂಬ ಬಿದ್ದು ತಂತಿ ಸತ್ತಿತ್ತು. ಕಿವಿಗಿಟ್ಟೆ, ಏನೂ ಕೇಳಲಿಲ್ಲ. ನೀವೆಲ್ಲಾ ಕೆಳಗ ನಿಂತು ಅಳ್ತಿದ್ರಿ. ದೋಣಿ ಹೊಂಟದ ಅಂದೆ. ನೀವು ಸುಮ್ಮನಾದ್ರಿ. ಮರುದಿನ ಬಂದ ದೋಣಿ ತಾನಾಗೇ ಬಂದದ್ದು, ಯಾವ ಊರಿಗೋ ಹೊಂಟಿತ್ತು. ನಾ ಯಾರಿಗೂ ಫೋನ್ ಮಾಡಿಲ್ಲ."

ದನಿಗಳು ತಣ್ಣಗಾದದ್ದು ಕೇಳಿ ಕಂಬವೂ ಸುಮ್ಮನಾಯಿತು.

ತಾಯಪ್ಪ ಅವನ ಮುಖವನ್ನೊಮ್ಮೆ ನೋಡಿದ. ನದಿಯನ್ನು ನೋಡಿದ. ಎದ್ದು ಹುಟ್ಟು ತೆಗೆದುಕೊಂಡ. ಇಬ್ಬರು ದ್ಯಾವಮ್ಮನನ್ನು ಎತ್ತಿ ಪುಟ್ಟಿಯಲ್ಲಿ ಮಲಗಿಸಿದರು. ಕಾಲು ಅಲುಗದಂತೆ ಹಿಡಿಯಲು ಒಬ್ಬರು ಬೇಕಿತ್ತು. ಹುಲಿಗೆಪ್ಪ ಹತ್ತಿ ಕೂತ, ಊದಿದ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಪುಟ್ಟಿ ಒಂದು ಸಲ ಗಿರ್ರನೆ ತಿರುಗಿ ನೀರಿಗೆ ಬಿತ್ತು. ಕರಿಬಂಡೆಯ ನೆತ್ತಿ ಇನ್ನೂ ಕಾಣುತ್ತಿತ್ತು, ಒಂದು ಕೊಡದಷ್ಟು. ತಾಯಪ್ಪ ಹಲ್ಲು ಕಚ್ಚಿ ಅದರತ್ತಲೇ ಹುಟ್ಟು ಹಾಕಿದ.

ದಂಡೆಯಲ್ಲಿ ಮತ್ತೆ ಅಳು ಎದ್ದಿರಬೇಕು. ಸಾವಿರ ದೋಣಿ ಹೊರಟಿವೆ ಅನ್ನುತ್ತಿತ್ತು ಕಂಬ.

ದ್ಯಾವಮ್ಮ ಕಣ್ಣು ತೆರೆಯದೆ ಕೇಳಿದಳು: "ನಿಮ್ಮ ಭಾವ ಈಜು ಬಲ್ಲಾಂವ. ಪುಟ್ಟಿ ಇತ್ತು. ಯಾಕ ಕೂತ ಅಂತ ಇಷ್ಟು ವರ್ಷ ಯೋಚನಿ ಮಾಡೀನಿ. ಅವತ್ತು ನಿನ್ನ ಏನಾದ್ರೂ ಕೇಳಿದ್ನಾ?"

ನೀರು ಪುಟ್ಟಿಯ ಅಂಚು ಹಾರಿ ಒಳಗೆ ಬಂತು. ಹುಲಿಗೆಪ್ಪ ಒಂದು ಕೈಯಿಂದ ಅದನ್ನು ಹೊರಗೆ ಎರಚಿದ.

"ಕೇಳಿದ್ದ ಅಕ್ಕಾ. ಈಗ ದಾಟ್ಲೇನೋ ಹುಲಿಗಿ, ಇಲ್ಲ ದೋಣಿ ಕಾಯ್ಲೇನು ಅಂದ."

"ಎಷ್ಟು ಸಲ ಕೇಳಿದ?"

"ಎರಡು ಸಲ," ಅಂದ ಅವನು. "ಎರಡು ಸಲಾನೂ ಕೂಡ್ರು ಅಂದೆ."